ಇಲ್ಲದ ಫ್ಯಾನು ಬಂದ್ ಮಾಡಿದ್ದು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಇಪ್ಪತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವಳಿಗೆ ಅಷ್ಟೂ ಇರದಿದ್ದರೆ ಹೇಗೆ ಎಂದು ನಾನೇ ನನಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ನನ್ನ ಸ್ಕೂಟಿಯ ಸದ್ದು ಕೇಳಿದರೆ ಸಾಕು, ಕ್ರಿಕೆಟ್ ಆಡುವ ಹುಡುಗರು ಸ್ಟಂಪು ಕಿತ್ತುಕೊಂಡು ಗೋಡೆಗೆ ಅಂಟಿ ನಿಲ್ಲುತ್ತಾರೆ. ಇಂಥವಳನ್ನು ಇಲಾಖೆಯವರು ಹುಡುಕಿ ಹುಡುಕಿ ಕಾಲೇಜುಗಳ ಗುಣಮಟ್ಟ ಪರಿಶೀಲಿಸುವ ತಂಡಕ್ಕೆ ಹಾಕಿದರು. ಏನಾಗಬೇಕೋ ಅದೇ ಆಯಿತು.

ತಂಡವೆಂದರೆ ಇಬ್ಬರೇ. ನಾನು, ಮತ್ತು ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಒಬ್ಬ ಕನ್ನಡದ ಸರ್. ಅವರು ಎಲ್ಲ ಕಾಲೇಜಿನಲ್ಲೂ ಮೊದಲು ಊಟದ ವ್ಯವಸ್ಥೆಯ ಗುಣಮಟ್ಟ ವಿಚಾರಿಸಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕುವವರು. ನಮ್ಮ ಕೈಗೆ ಒಂದು ಉದ್ದನೆಯ ನಮೂನೆ ಕೊಟ್ಟಿದ್ದರು. ಹಾಜರಿ, ಪಾಠ ಯೋಜನೆ, ಗ್ರಂಥಾಲಯ, ಶೌಚಾಲಯ, ಪ್ರಯೋಗಾಲಯ, ಹೀಗೆ ಸಾಲುಗಳು. ಪ್ರತಿ ಸಾಲಿನ ಮುಂದೆ ‘ತೃಪ್ತಿಕರ’, ‘ಅತೃಪ್ತಿಕರ’ ಎಂಬ ಎರಡು ಚೌಕ. ಸರ್‌ಗೆ ಮೊದಲನೆಯ ಚೌಕ ಇಷ್ಟ, ನನಗೆ ಎರಡನೆಯದು.

ಬಬಲೇಶ್ವರದ ಕಡೆಯ ಒಂದು ಕಾಲೇಜಿನಲ್ಲಿ ನಾವು ಬುಧವಾರ ಹೋದರೆ ಹಾಜರಿ ಪುಸ್ತಕದಲ್ಲಿ ಗುರುವಾರದ ಹಾಜರಿಯೂ ತುಂಬಿತ್ತು. ಇಬ್ಬರು ಮಕ್ಕಳು ಗೈರುಹಾಜರು ಎಂದು ಸಹ ಬರೆದಿದ್ದರು. “ನಾಳೆ ಯಾರ್ ಬರಂಗಿಲ್ಲಂತ ಇವತ್ತ ಹೆಂಗ ಗೊತ್ತಾತ್ರಿ ನಿಮಗ?” ಎಂದು ಕೇಳಿದೆ. ಪಾಪ, ಅಲ್ಲಿನ ಗುಮಾಸ್ತರು, “ಅವರಿಬ್ರು ಎಂದೂ ಬರಂಗಿಲ್ರೀ ಮೇಡಂ,” ಎಂದರು. ನಾನು ಕೆಂಪು ಪೆನ್ನಿನಲ್ಲಿ ಪುಟ ತುಂಬ ಬರೆದೆ. ಪ್ರಾಚಾರ್ಯರಿಗೆ ನೋಟಿಸು ಹೋಯಿತು. ಆ ಸುದ್ದಿ ನಮಗಿಂತ ಮೊದಲು ಉಳಿದ ಕಾಲೇಜುಗಳಿಗೆ ಮುಟ್ಟಿತು. ಕೆಂಪು ಪೆನ್ನಿನ ಮೇಡಂ ಬರುತ್ತಾರಂತೆ ಎಂದು ಪ್ರಯೋಗಾಲಯದ ಬೀರುಗಳನ್ನೆಲ್ಲ ಒರೆಸಿಡತೊಡಗಿದರಂತೆ. ನನಗೋ ಒಳಗೊಳಗೇ ಖುಷಿ.

ಮುಂದಿನ ವಾರ ಹೋದದ್ದು ಟಿಕೋಟಾ ದಾಟಿ ಇರುವ ಒಂದು ಚಿಕ್ಕ ಕಾಲೇಜಿಗೆ. ಅದರ ಹೆಸರು ಬೇಡ. ಫೆಬ್ರವರಿ ತಿಂಗಳು. ತೊರವಿ ದಾಟುತ್ತಿದ್ದಂತೆ ಸರ್ ಕಾರಿನ ಕಿಟಕಿ ಇಳಿಸಿದರು. ಎರಡೂ ಕಡೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಉದ್ದುದ್ದ ಶೆಡ್ಡು, ಕ್ರೇಟು ಹೇರಿಕೊಂಡ ಟ್ರ್ಯಾಕ್ಟರುಗಳ ಸಾಲು.

“ತಂಗೆವ್ವಾ, ಇವತ್ತರ ಸ್ವಲ್ಪ ನಕ್ಕೋತ ಕೆಲಸಾ ಮಾಡು. ಅವರೂ ಮನಷ್ಯಾರು,” ಎಂದರು.

“ಸುಳ್ಳು ಬರದಿದ್ರ ನಗತೀನ್ರಿ ಸರ್,” ಎಂದೆ ನಾನು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಒಂದು ಬಾರಿಸಿಕೊಳ್ಳಬೇಕೆನಿಸುತ್ತದೆ.

ಆ ಕಾಲೇಜಿನಲ್ಲಿ ಭೌತಶಾಸ್ತ್ರಕ್ಕೆ ಒಬ್ಬಳೇ ಅತಿಥಿ ಉಪನ್ಯಾಸಕಿ. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಬಬಲೇಶ್ವರದಿಂದ ದಿನಾ ಎರಡು ಬಸ್ಸು ಹತ್ತಿಳಿದು ಬರುವವಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಅವಳ ಪಾಠ ಕೇಳಿದೆ. ಚೆನ್ನಾಗಿತ್ತು. ಸುಮ್ಮನೆ ಹೊಗಳುವ ಬುದ್ಧಿ ನನ್ನದಲ್ಲ, ನಿಜಕ್ಕೂ ಚೆನ್ನಾಗಿತ್ತು. ಜೋಕಾಲಿಯ ಉದಾಹರಣೆ ಕೊಟ್ಟು, ಹಗ್ಗ ಉದ್ದವಾದರೆ ಯಾಕೆ ನಿಧಾನ ತೂಗುತ್ತದೆ ಎಂದು ಕೇಳಿದಳು. ಹಿಂದಿನ ಸಾಲಿನ ಹುಡುಗಿಯರು ಸಹ ಕೈ ಎತ್ತಿದರು.

ಪಾಠ ಮುಗಿದ ಮೇಲೆ ಪ್ರಾಚಾರ್ಯರು ನನ್ನನ್ನು ಬದಿಗೆ ಕರೆದರು. “ಮೇಡಂ, ಅತಿಥಿ ಉಪನ್ಯಾಸಕರನ್ನ ವರ್ಷಾ ವರ್ಷಾ ಹೊಸದಾಗಿ ತಗೋಬೇಕ್ರಿ. ಈ ಸಲ ನಿಮ್ಮ ವರದಿ ನೋಡೇ ಆರ್ಡರ್ ಕೊಡೂದಂತ ಮ್ಯಾಲಿಂದ ಹೇಳ್ಯಾರ. ಹುಡುಗಿ ಚಲೋ ಐತ್ರಿ. ಮನಿಯಾಗ ಎರಡು ವರ್ಷದ ಕೂಸೈತಿ. ಆರ್ಡರ್ ಬರಲಿಲ್ಲಂದ್ರ ಮನಿಯಾಗ ಕೂಡು ಅಂತ ಅತ್ತಿಮಾವ ಪಟ್ಟ ಹಿಡದಾರಂತ.”

“ನನ್ನ ಕೈಯಾಗೇನಿಲ್ರಿ, ಕೆಲಸ ಹೆಂಗೈತೋ ಹಂಗ ಬರಿತೀನಿ,” ಎಂದು ನಾನು ಗತ್ತಿನಲ್ಲಿ ಹೇಳಿದೆ.

ಪ್ರಯೋಗಾಲಯದಲ್ಲಿ ಮೇಜಿನ ಮೇಲೆ ಇಪ್ಪತ್ತೆರಡು ರೆಕಾರ್ಡ್ ಪುಸ್ತಕ ಸಾಲಾಗಿ ಜೋಡಿಸಿಟ್ಟಿದ್ದರು. ಮಕ್ಕಳು ಮಾಡಿದ ಪ್ರಯೋಗಗಳನ್ನೆಲ್ಲ ಬರೆದಿಡುವ ದಪ್ಪ ರಟ್ಟಿನ ಪುಸ್ತಕಗಳು. ನಾನು ಮೊದಲು ತೆರೆದದ್ದು ಸರಳ ಲೋಲಕದ ಪ್ರಯೋಗ. ದಾರಕ್ಕೊಂದು ಲೋಹದ ಗುಂಡು ಕಟ್ಟಿ ತೂಗಾಡಲು ಬಿಡುವುದು. ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಹಿಡಿಯಿತೆಂದು ಎರಡೆರಡು ಸಲ ಎಣಿಸಿ ಸರಾಸರಿ ತೆಗೆಯುವುದು. ದಾರದ ಉದ್ದ ಬದಲಿಸಿ ಆರು ಸಲ ಇದನ್ನೇ ಮಾಡುವುದು. ಇದರಿಂದ ಭೂಮಿ ನಮ್ಮನ್ನು ಎಷ್ಟು ಜೋರಾಗಿ ಎಳೆಯುತ್ತದೆಂದು ಲೆಕ್ಕ ಹಾಕಬಹುದು. ಉತ್ತರ 980ರ ಆಸುಪಾಸು ಬರಬೇಕು.

ಎಲ್ಲರಿಗೂ ಬಂದಿತ್ತು. ಎಲ್ಲರಿಗೂ ಸರಿಯಾಗಿ 980.2. ಅಷ್ಟೇ ಆಗಿದ್ದರೆ ಬೇರೆ ಮಾತು. ಎಂಬತ್ತು ಸೆಂಟಿಮೀಟರ್ ದಾರದ ಸಾಲಿನಲ್ಲಿ ಮೊದಲ ಎಣಿಕೆ 35.8, ಎರಡನೆಯದು 39.0, ಸರಾಸರಿ 35.9 ಎಂದಿತ್ತು. ಇದ್ಯಾವ ಲೋಕದ ಸರಾಸರಿ? ಎರಡನೆಯ ರೆಕಾರ್ಡ್ ತೆರೆದೆ. ಅಲ್ಲೂ 39.0, ಅಲ್ಲೂ 35.9. ಮೂರನೆಯದು, ನಾಲ್ಕನೆಯದು, ಇಪ್ಪತ್ತೆರಡನೆಯದು. ಒಂದು ಮಗುವೂ ಸರಾಸರಿ ಕೂಡಿಸಿ ನೋಡಿರಲಿಲ್ಲ.

“ಸಿಕ್ಕಿತ್ರಿ ಸರ್,” ಎಂದೆ. ದನಿಯಲ್ಲಿದ್ದ ಸಂತೋಷವನ್ನು ಮುಚ್ಚಿಡಲಾಗಲಿಲ್ಲ.

ಕೆಳಗೆ ‘ವಹಿಸಬೇಕಾದ ಎಚ್ಚರಿಕೆಗಳು’ ಎಂಬ ಭಾಗವಿತ್ತು. ಇಂಗ್ಲಿಷಿನಲ್ಲಿ ಬರೆದ ಮೂರು ಸಾಲು. ಎರಡು ಪಠ್ಯಪುಸ್ತಕದವು. ಮೂರನೆಯದನ್ನು ನಾನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿದೆ: “ಎರಡನೇ ಕಿಟಕಿಯ ಮೇಲಿನ ಫ್ಯಾನನ್ನು ಬಂದ್ ಮಾಡಬೇಕು.” ತಲೆ ಎತ್ತಿ ನೋಡಿದೆ. ಆ ಕೋಣೆಗೆ ಇದ್ದದ್ದೇ ಒಂದು ಕಿಟಕಿ. ಫ್ಯಾನು ಅಂತೂ ಇರಲೇ ಇಲ್ಲ. ಅದನ್ನು ತೂಗುಹಾಕುವ ಕೊಂಡಿ ಸಹ ಇರಲಿಲ್ಲ.

“ಎಲ್ಲೈತ್ರಿ ಫ್ಯಾನು?” ಎಂದು ಉಪನ್ಯಾಸಕಿಯನ್ನು ಕೇಳಿದೆ.

ಅವಳು ತಲೆ ತಗ್ಗಿಸಿದಳು. ಗೋಡೆಗುಂಟ ನಿಂತಿದ್ದ ಇಪ್ಪತ್ತೆರಡೂ ಮಕ್ಕಳು ತಾರಸಿ ನೋಡಿದರು, ಈಗಲಾದರೂ ಒಂದು ಫ್ಯಾನು ಬಂದೀತೇನೋ ಎಂಬಂತೆ. ಕನ್ನಡದ ಸರ್ ಕೆಮ್ಮಿದಂತೆ ಮಾಡಿ ಕರವಸ್ತ್ರದಲ್ಲಿ ನಗು ಮುಚ್ಚಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ. ಆ ಸಾಲನ್ನು ನಾನೆಲ್ಲೋ ನೋಡಿದ್ದೆ. ಎರಡನೇ ಕಿಟಕಿ. ಅದರ ಮೇಲೆ ಗರ್ರೆನ್ನುವ ಫ್ಯಾನು.

“ಇದನ್ನ ಎಲ್ಲಿಂದ ನೋಡಿ ಬರಸೀರಿ? ಆ ಪುಸ್ತಕ ತೋರಸ್ರಿ,” ಎಂದೆ.

ಅವಳು ಬೀರುವಿನ ಕೆಳಗಿನ ಖಾನೆಯಿಂದ ಒಂದು ಹಳೆಯ ರೆಕಾರ್ಡ್ ತಂದು ಎರಡೂ ಕೈಯಲ್ಲಿ ಕೊಟ್ಟಳು. “ನಮ್ಮ ಬಬಲೇಶ್ವರದ ಮೇಡಂ ಕೊಟ್ಟದ್ರಿ. ಅವರಿಗೆ ಅವರ ಸೀನಿಯರ್ ಕೊಟ್ಟಿದ್ರಂತ. ಭಾಳ ಚಲೋ ರೆಕಾರ್ಡು, ಫಸ್ಟ್ ಬಂದದ್ದು, ಜ್ವಾಕಿ ಮಾಡು ಅಂತ ಹೇಳಿದ್ರು.”

ಅದು ನನ್ನದು.

ಹೊದಿಕೆಯ ಕಂದು ಕಾಗದ ಹರಿದಿತ್ತು, ಹೆಸರಿನ ಚೀಟಿ ಉದುರಿಹೋಗಿತ್ತು. ಆದರೆ ನನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ? ಲೋಲಕದ ಪುಟದ ಮೂಲೆಯಲ್ಲಿ ಹಿಟ್ಟು ಮೆತ್ತಿದ ಹೆಬ್ಬೆರಳಿನ ಕಲೆ ಇನ್ನೂ ಇತ್ತು. ಅದು ನಮ್ಮವ್ವನದು.

ನಮ್ಮ ಕಾಲದಲ್ಲಿ, ಪಿಯುಸಿ ಮುಗಿದ ಮೇಲೆ ಒಳ್ಳೆಯ ರೆಕಾರ್ಡನ್ನು ಓಣಿಯ ಕಿರಿಯರಿಗೆ ಕೊಟ್ಟುಬಿಡುವುದು ರೂಢಿ. ಸ್ವೆಟರು, ಜಾಮಿಟ್ರಿ ಡಬ್ಬಿ ಕೊಟ್ಟ ಹಾಗೆ. ನಾನು ನನ್ನದನ್ನು ಎದುರುಮನೆಯ ಹುಡುಗಿಗೆ ಕೊಟ್ಟಿದ್ದೆ. ಅವಳು ಓದಿ ಬಬಲೇಶ್ವರದಲ್ಲಿ ಉಪನ್ಯಾಸಕಿಯಾದದ್ದು ನನಗೆ ಗೊತ್ತಿತ್ತು. ಪುಸ್ತಕವೂ ಅವಳ ಜೊತೆ ಹೋಗಿ, ಇಷ್ಟು ವರ್ಷ ಕೆಲಸ ಮಾಡುತ್ತಲೇ ಇತ್ತೆಂಬುದು ಗೊತ್ತಿರಲಿಲ್ಲ.

ಇನ್ನು 39.0ರ ವಿಷಯ. ನಾನು ಓದಿದ ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮ ಮೇಜು ಎರಡನೇ ಕಿಟಕಿಯ ಹತ್ತಿರ. ಮೇಲಿನ ಫ್ಯಾನಿನ ಗಾಳಿಗೆ ಗುಂಡು ಸೊಟ್ಟ ಸೊಟ್ಟ ತಿರುಗುತ್ತಿತ್ತು. ಎದ್ದು ಬಂದ್ ಮಾಡಿ ಎರಡು ಉದ್ದ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಉಳಿದ ನಾಲ್ಕನ್ನು ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಸೃಷ್ಟಿ ಮಾಡಿದೆ. 980 ಬರುವಂತೆ ಮೊದಲು ಸರಾಸರಿ ಬರೆದು, ಆಮೇಲೆ ಹಿಂದಕ್ಕೆ ಎಣಿಕೆಗಳನ್ನು ತುಂಬಿದೆ. ಕೊನೆಯ ಅಂಕಿಗಳು ಸಹಜವಾಗಿ ಕಾಣಲೆಂದು ರೊಟ್ಟಿ ಬಡಿಯುತ್ತಿದ್ದ ಅವ್ವನನ್ನು ಕೇಳುತ್ತಿದ್ದೆ: “ಯವ್ವಾ, ಒಂದರಿಂದ ಒಂಬತ್ತರಾಗ ಯಾವದರ ಒಂದ್ ಹೇಳ.” ಅವ್ವ ಬಡಿಯುವುದನ್ನು ನಿಲ್ಲಿಸದೆ, “ಒಂಬತ್ತ ಹಾಕ ಬೇ,” ಅಂದಳು. 36.0 ಆಗಬೇಕಿದ್ದ ಕಡೆ ನಾನು ಅದೇ ಗುಂಗಿನಲ್ಲಿ 39.0 ಬರೆದುಬಿಟ್ಟೆ. ಅವ್ವ ಬಗ್ಗಿ, “ಎಷ್ಟ ಚಂದ ಬರದೀ,” ಎಂದು ಹಿಟ್ಟಿನ ಕೈಯಲ್ಲೇ ಪುಟ ಮುಟ್ಟಿದಳು. ಆ ರೆಕಾರ್ಡಿಗೆ ಇಡೀ ಕಾಲೇಜಿನಲ್ಲಿ ಮೊದಲ ಸ್ಥಾನ ಬಂತು. ಆಗ ನಮಗೆ ಭೌತಶಾಸ್ತ್ರ ಕಲಿಸುತ್ತಿದ್ದ ಸರ್ ಕೂಡ ಸರಾಸರಿ ಕೂಡಿಸಿ ನೋಡಿರಲಿಲ್ಲ.

ಅಂದರೆ ಆ ಎರಡು ಉದ್ದಗಳ ಎಣಿಕೆ ಬಿಟ್ಟರೆ, ಇಡೀ ಆ ಪುಟದಲ್ಲಿ ನಾನು ಕಣ್ಣಾರೆ ಕಂಡು, ನನ್ನ ಬುದ್ಧಿಯಿಂದ ಬರೆದ ಒಂದೇ ಸಾಲೆಂದರೆ ಫ್ಯಾನಿನದು.

“ಮೇಡಂ, ತಪ್ಪಾತ್ರಿ,” ಎಂದಳು ಉಪನ್ಯಾಸಕಿ. ಕಣ್ಣಲ್ಲಿ ನೀರು ನಿಂತಿತ್ತು. “ಸ್ಟಾಪ್‌ವಾಚ್ ಒಂದ ಐತ್ರಿ ನಮ್ಮಲ್ಲೆ. ಪ್ರಯೋಗಾ ಮಾಡಾಕತ್ತಿದ್ವಿ, ಅಷ್ಟ್ರಾಗ ಇನ್‌ಸ್ಪೆಕ್ಷನ್ ಬರ್ತೈತಿ, ರೆಕಾರ್ಡ್ ಪೂರ್ತಿ ಇರಬೇಕು ಅಂದ್ರು. ಟೈಮ್ ಸಾಲಲಿಲ್ರಿ. ನಾನ ನೋಡಿ ಬರೀರಿ ಅಂದೆ. ಹುಡುಗೂರ್ದೇನೂ ತಪ್ಪಿಲ್ರಿ.”

ಗುಣಮಟ್ಟ ನೋಡಲು ನಾವು ಬರುತ್ತೇವೆಂದೇ ಗುಣಮಟ್ಟ ಹಾಳಾಗಿತ್ತು. ಹೇಳಿ ನಗಬೇಕೋ, ಹೇಳದೆ ನಗಬೇಕೋ?

ನಮೂನೆಯ ‘ಪ್ರಯೋಗಾಲಯ’ದ ಸಾಲಿನ ಮೇಲೆ ನನ್ನ ಪೆನ್ನು ನಿಂತಿತು. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿಗೆ ನನ್ನ ಮನಸ್ಸಿಗೆ ಮೊದಲು ಬಂದದ್ದು ‘ತೃಪ್ತಿಕರ’ ಎಂಬ ಚೌಕ. ಟಿಕ್ ಹಾಕಿ ಎದ್ದರೆ ಅವಳ ಕೆಲಸವೂ ಉಳಿಯಿತು, ನನ್ನ ಮರ್ಯಾದೆಯೂ ಉಳಿಯಿತು. ಪುಸ್ತಕವನ್ನು ಬ್ಯಾಗಿಗೆ ತುರುಕಿಕೊಂಡು ಹೋದರೆ ಕೇಳುವವರಾರು? ಆದರೆ ಹಾಗೆ ಮಾಡಿದರೆ ಅವ್ವನ ಹೊಸ್ತಿಲ ಮೇಲೆ ಕುಳಿತ ಹುಡುಗಿಯೇ ಇನ್ನೂ ಪೆನ್ನು ಹಿಡಿದಂತಾಗುತ್ತಿತ್ತು. ‘ಅತೃಪ್ತಿಕರ’ ಎಂದು ಗೀಚಿ, ನನ್ನ ತಪ್ಪಿಗೆ ಈ ಹುಡುಗಿಯನ್ನು ಮನೆಗೆ ಕಳಿಸುವುದಂತೂ ನನ್ನಿಂದಾಗುವ ಮಾತಲ್ಲ. ನಾಚಿಕೆಯಾಯಿತು.

“ಸರ್, ಈ ಪುಸ್ತಕ ನಂದ್ರಿ,” ಎಂದೆ. ಎಲ್ಲರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದೆ. ಅವ್ವನ ಒಂಬತ್ತನ್ನೂ ಬಿಡಲಿಲ್ಲ.

ಆಮೇಲೆ ಕನ್ನಡದ ಸರ್ ನಗತೊಡಗಿದರು. ಕನ್ನಡಕ ಜಾರಿ ಮೇಜಿನ ಮೇಲೆ ಬಿತ್ತು, ಆದರೂ ನಗು ನಿಲ್ಲಲಿಲ್ಲ. “ಯಪ್ಪಾ, ಯಪ್ಪಾ! ಕಳ್ಳನ್ನ ಹಿಡ್ಯಾಕ ಬಂದ ಪೊಲೀಸಪ್ಪನ ಕಿಸೇದಾಗ ಮಾಲ ಸಿಕ್ಕಂಗಾತಲ್ಲ ತಂಗೆವ್ವಾ!” ಮಕ್ಕಳು ನಗಬಹುದೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನಕ್ಕೆ. ಅವರೂ ನಕ್ಕರು.

ಊಟದ ಹೊತ್ತಾಗಿತ್ತು. ಸರ್ ತಾವಾಗಿಯೇ, “ಊಟಾ ಆಮ್ಯಾಲ ಮಾಡೂಣು, ಮೊದಲ ಪ್ರಯೋಗಾ ಆಗ್ಲಿ,” ಎಂದರು. ಅವರೊಡನೆ ಸುತ್ತಿದ ಅಷ್ಟೂ ದಿನಗಳಲ್ಲಿ ಅಂಥ ಮಾತು ಅದೊಂದೇ ಸಲ ಕೇಳಿದ್ದು.

ಸ್ಟಾಪ್‌ವಾಚ್ ಒಂದೇ, ಇರಲಿ, ಪ್ರಾಚಾರ್ಯರ ಮೊಬೈಲು, ನನ್ನದು, ಸರ್‌ದು, ಉಪನ್ಯಾಸಕಿಯದು ಸೇರಿ ಐದಾಯಿತು. ಗುಂಡು ಎರಡೇ ಇದ್ದವು. ಒಬ್ಬ ಹುಡುಗ ಓಡಿಹೋಗಿ ಎದುರಿನ ಗ್ಯಾರೇಜಿನಿಂದ ಟ್ರ್ಯಾಕ್ಟರಿನ ದಪ್ಪ ನಟ್ಟುಗಳನ್ನು ತಂದ. ಇನ್ನೊಬ್ಬಳು ತನ್ನ ಸೈಕಲ್ಲಿನ ಬೀಗ ಕಟ್ಟಿದಳು. ಉಪನ್ಯಾಸಕಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಐದೂ ಗುಂಪಿಗೆ ಓಡಾಡಿದಳು. ಎಲ್ಲಿ ಎಣಿಸಲು ಶುರುಮಾಡಬೇಕು, ಎಷ್ಟು ಕಡಿಮೆ ಎಳೆದು ಬಿಡಬೇಕು ಎಂದು ತೋರಿಸಿದಳು. ಕೋಣೆ ತುಂಬ ಇಪ್ಪತ್ತರವರೆಗೆ ಎಣಿಸುವ ಗದ್ದಲ. ಅರ್ಧ ಗಂಟೆಯ ಹಿಂದೆ ಅಳುವ ಹಾಗಿದ್ದವಳ ದನಿ ಎಲ್ಲರಿಗಿಂತ ಮೇಲಿತ್ತು.

ಉತ್ತರಗಳು ಬಂದವು. 951, 1012, 968, 995, ಇನ್ನೊಂದು ಗುಂಪಿಗೆ 930. ಬೀಗ ಕಟ್ಟಿದ ಹುಡುಗಿ ನನ್ನ ಹತ್ತಿರ ಬಂದಳು. “ಮೇಡಂ, ನಮ್ದು ಒಂಬೈನೂರ ಐವತ್ತೊಂದ ಬಂದೈತ್ರಿ. ಎಂಬತ್ತಂತ ತಿದ್ದಲೇನ್ರಿ?”

“ತಿದ್ದಬ್ಯಾಡವಾ. ಯಾಕ ಕಡಿಮಿ ಬಂತು ಅಂತ ನಿಮ್ಮ ಮೇಡಂನ ಕೇಳು,” ಎಂದೆ.

ವರದಿಯ ಆ ಸಾಲಿನಲ್ಲಿ ನಾನು ಯಾವ ಚೌಕಕ್ಕೂ ಟಿಕ್ ಹಾಕಲಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಕೆಂಪು ಪೆನ್ನಿನಲ್ಲೇ ಬರೆದೆ: ‘ಲೋಲಕದ ದಾಖಲೆಗಳು ನಕಲು. ಮೂಲ ಪುಸ್ತಕ ಈ ಕೆಳಗೆ ಸಹಿ ಮಾಡಿದವರದು. ಅವರು ವಿದ್ಯಾರ್ಥಿನಿಯಾಗಿದ್ದಾಗ ಮನೆಯಲ್ಲಿ ಕುಳಿತು ಹುಟ್ಟಿಸಿದ ಅಂಕಿಗಳೇ ಇದರಲ್ಲಿ ಹೆಚ್ಚು. ಇಂದು ವಿದ್ಯಾರ್ಥಿಗಳು ನಮ್ಮೆದುರು ಸ್ವತಃ ಪ್ರಯೋಗ ಮಾಡಿದರು. ಉಪನ್ಯಾಸಕಿಯ ಬೋಧನೆ ಉತ್ತಮ, ಇವರನ್ನು ಮುಂದುವರಿಸಬೇಕು. ಸ್ಟಾಪ್‌ವಾಚ್ ಒಂದೇ ಇದೆ; ಆರು ಬೇಕು.’ ಸಹಿ ಮಾಡಿದೆ. ಸರ್ ಕೂಡ ಕೆಳಗೆ ದೊಡ್ಡದಾಗಿ ಸಹಿ ಹಾಕಿದರು. ಹಳೆಯ ಪುಸ್ತಕವನ್ನು ಕೇಳಿ ಮನೆಗೆ ತಂದೆ.

ಅವ್ವನಿಗೆ ತೋರಿಸಿದೆ. ಈಗ ಎಂಬತ್ತರ ಹತ್ತಿರ ಅವಳಿಗೆ. ರೊಟ್ಟಿ ಬಡಿಯುವುದನ್ನು ಇನ್ನೂ ಬಿಟ್ಟಿಲ್ಲ. ಹೆಬ್ಬೆರಳಿನ ಕಲೆಯ ಮೇಲೆ ತನ್ನ ಹೆಬ್ಬೆರಳಿಟ್ಟು ಅಳತೆ ನೋಡಿದಳು. “ನಾ ಹೇಳಿದ ಒಂಬತ್ತ ಟಿಕೋಟಾದ ತನಾ ಹೋಗೇತೇನ?” ಎಂದು ಬೊಚ್ಚುಬಾಯಿ ತೆರೆದು ನಕ್ಕಳು. ಮರುಗಳಿಗೆಯೇ, “ಆ ಹುಡುಗಿ ನೌಕರಿಗೆ ಏನರ ಆದ್ರ ನಿನ್ನ ಬಿಡಂಗಿಲ್ಲ ನೋಡ,” ಎಂದು ಗದರಿದಳು.

ಕಚೇರಿಯಿಂದ ಕರೆ ಬಂತು. ಅಧಿಕಾರಿಗಳು ವರದಿಯನ್ನು ಎರಡು ಸಲ ಓದಿ, “ಇದೇನ್ರಿ ಮೇಡಂ, ಚಾಷ್ಟಿ ಮಾಡೀರೇನು?” ಎಂದರು. ಲಿಖಿತ ವಿವರಣೆ ಕೊಡಿ ಎಂದರು. ಕೊಟ್ಟೆ. ತಂಡದಿಂದ ನನ್ನನ್ನು ಕೈಬಿಟ್ಟರು. ಅದಕ್ಕೇನೂ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಆಯಿತು. ಆದರೆ ಉಪನ್ಯಾಸಕಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಅವ್ವ ದಿನಾ ಕೇಳುವಳು, “ಆ ಹುಡುಗಿ ಆರ್ಡರ್ ಬಂತೇನ?” ಇಲ್ಲ ಎಂದರೆ ನನ್ನ ತಟ್ಟೆಗೆ ತುಪ್ಪ ಹಾಕುತ್ತಿರಲಿಲ್ಲ.

ಆ ರಜೆಯಲ್ಲಿ ನಾನೊಂದು ಕೆಲಸ ಮಾಡಿದೆ. ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಒಬ್ಬಳೇ ಹೋಗಿ ಲೋಲಕ ಕಟ್ಟಿದೆ. ಇಷ್ಟು ವರ್ಷ ಮಕ್ಕಳಿಗೆ ಒಂದು ಉದ್ದ ಮಾಡಿ ತೋರಿಸಿ, ಉಳಿದದ್ದು ನೀವು ಮಾಡಿ ಎನ್ನುತ್ತಿದ್ದವಳು ನಾನು. ಆರೂ ಉದ್ದಗಳಿಗೆ ನಾನೇ ಕುಳಿತು ಎಂದೂ ಮಾಡಿರಲಿಲ್ಲ. ಮೇ ತಿಂಗಳ ಬಿಸಿಲು, ಫ್ಯಾನು ಬಂದ್, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಬಂದದ್ದನ್ನು ಬಂದ ಹಾಗೆಯೇ ಹಳೆಯ ಪುಸ್ತಕದ ಕೊನೆಯಲ್ಲಿ ಉಳಿದಿದ್ದ ಖಾಲಿ ಪುಟದಲ್ಲಿ ಬರೆದೆ. ಉತ್ತರ 967.

ಜುಲೈಯ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಅವಳೇ. ಕಂಕುಳಲ್ಲಿ ಕೂಸು, ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣ, ಹೆಗಲಿಗೆ ಚೀಲ.

“ಆರ್ಡರ್ ಬಂತ್ರಿ ಮೇಡಂ. ಸ್ಟಾಪ್‌ವಾಚೂ ಬಂದ್ವು, ನಾಕು.”

“ಆರ ಕೇಳಿದ್ದೆ ನಾನು,” ಎಂದು ರೇಗಿದೆ. ಖುಷಿ ಹೆಚ್ಚಾದರೂ ನನಗೆ ರೇಗುವುದೊಂದೇ ಬರುತ್ತದೆ. ಅವ್ವ ಒಳಗಿನಿಂದಲೇ, “ಕೂಸಿನ್ನ ಇಲ್ಲೆ ಕೊಡವಾ,” ಎಂದು ಕೈ ಚಾಚಿಕೊಂಡು ಬಂದಳು.

ಅವಳು ಚೀಲದಿಂದ ಒಂದು ರೆಕಾರ್ಡ್ ತೆಗೆದು ನನ್ನೆದುರು ಇಟ್ಟಳು. ಸೈಕಲ್ ಬೀಗದ ಹುಡುಗಿಯದು. ಉತ್ತರ 951 ಎಂದೇ ಇತ್ತು. ಎಚ್ಚರಿಕೆಗಳ ಕೆಳಗೆ ಹೊಸದೊಂದು ಸಾಲು: ‘ದ್ರಾಕ್ಷಿ ಟ್ರ್ಯಾಕ್ಟರ್ ಹೋಗುವಾಗ ಎಣಿಸಬಾರದು. ಮೇಜು ನಡುಗುತ್ತದೆ.’ ನಾನು ಅದನ್ನು ಮೂರು ಸಲ ಓದಿದೆ. ಅವ್ವನಿಗೂ ಓದಿ ಹೇಳಿದೆ.

ಆಮೇಲೆ ಒಳಗಿನಿಂದ ನನ್ನ ಹಳೆಯ ಪುಸ್ತಕ ತಂದು, ಕೊನೆಯ ಪುಟ ತೆರೆದು, ಕೆಂಪು ಪೆನ್ನನ್ನು ಅವಳ ಕೈಗೆ ಕೊಟ್ಟೆ. “ಇದಕ್ಕ ಯಾರೂ ಸಹಿ ಮಾಡಿಲ್ಲ. ನೀವ ಮಾಡ್ರಿ.”

“ಅಯ್ಯ, ನಾನೆಂಗ್ರಿ ಮೇಡಂ, ನಿಮ್ಮದಕ್ಕ...” ಎಂದು ಹಿಂಜರಿದಳು. ಆದರೆ ಪೆನ್ನು ತೆಗೆದುಕೊಂಡಳು. ನೇರವಾಗಿ ಸಹಿ ಹಾಕುವಳೆಂದುಕೊಂಡೆ. ಹಾಕಲಿಲ್ಲ. ಮೊದಲ ಸಾಲಿನಿಂದ ಶುರುಮಾಡಿ, ತುಟಿ ಅಲ್ಲಾಡಿಸುತ್ತ, ಒಂದೊಂದೇ ಸರಾಸರಿಯನ್ನು ಕೂಡಿಸಿ ಭಾಗಿಸಿ ನೋಡತೊಡಗಿದಳು. ಅವ್ವ ಕೂಸಿಗೆ ದ್ರಾಕ್ಷಿ ಚೂರು ಮಾಡಿ ತಿನ್ನಿಸುತ್ತಿದ್ದಳು. ನಾನು ಪರೀಕ್ಷೆಗೆ ನಿಂತ ಹುಡುಗಿಯಂತೆ ಕೈಕಟ್ಟಿ ನಿಂತಿದ್ದೆ. ನಾಲ್ಕನೆಯ ಸಾಲಿನಲ್ಲಿ ಅವಳ ಪೆನ್ನು ನಿಂತಿತು. ಮೆಲ್ಲಗೆ ಒಂದು ಕೆಂಪು ವರ್ತುಲ ಎಳೆದು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು.

“ಮೇಡಂ, ಇಲ್ಲೆ ಸರಾಸರಿ ತಪ್ಪೈತ್ರಿ. ತಿದ್ದಿ ತರ್ರಿ, ಸಹಿ ಮಾಡ್ತೀನಿ.”